ಹೊಳೆದಂಡೆಯ ಏಳನೇ ನಂಬರು

ಕಾಲೇಜಿನ ಮೇಡಂ ಹೇಳಿಕೊಟ್ಟ ಮೊದಲ ಪಾಠವೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಹೂ ಹರೀಬ್ಯಾಡ್ರಿ ಅಕ್ಕಾ. ಗಿಡ ಎಲ್ಲಿ ನಿಂತೈತಿ, ಅಲ್ಲೇ ಹೋಗಿ ನಿಂತು ನೋಡ್ರಿ."

ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ನಾನು ಗಿಡದ ಹತ್ತಿರ ಹೋಗುವುದೇ ಹೂ ಹರಿಯುವುದಕ್ಕೆ. ಅದು ಅತ್ತೆಯವರು ಹಾಕಿಕೊಟ್ಟ ಪದ್ಧತಿ. ಬೆಳಕು ಮೂಡುವ ಹೊತ್ತಿಗೆ ಸ್ನಾನ ಮುಗಿದಿರಬೇಕು, ಬುಟ್ಟಿ ಕೈಯಲ್ಲಿರಬೇಕು, ಜೇನುಹುಳ ಮುಟ್ಟುವ ಮೊದಲು ಆಗತಾನೇ ಬಿರಿದ ಹೂವು ದೇವರ ಜಗುಲಿಗೆ ಸೇರಬೇಕು. ಹೊತ್ತೇರಿದ ಮೇಲಿನ ಹೂವನ್ನು ನಾವು ಕಣ್ಣೆತ್ತಿ ನೋಡುವುದಿಲ್ಲ. ಇಂಥವಳನ್ನು ಹಿಡಿದು ಪಂಚಾಯಿತಿಯವರು ಜೀವವೈವಿಧ್ಯ ಸಮಿತಿಗೆ ಸೇರಿಸಿದರು. ಹೆಣ್ಣುಮಕ್ಕಳು ಇರಲೇಬೇಕೆಂಬ ನಿಯಮವಿತ್ತಂತೆ. ದಿನವೂ ಹೊಳೆಯ ಕಡೆ ಹೋಗುವವಳೆಂದು ನನ್ನ ಹೆಸರು ಬರೆದುಕೊಂಡರು.

ನಮ್ಮ ಊರು ಏಕಸಂಬಿಯಿಂದ ದೂರವಿಲ್ಲ, ದೂಧಗಂಗೆಯ ದಂಡೆಗೇ ಇದೆ. ಕಬ್ಬು ನೀರಿನ ಅಂಚಿನವರೆಗೂ ಬಂದು ನಿಂತಿದೆ. ಕಬ್ಬಿಗೂ ನೀರಿಗೂ ನಡುವೆ ಒಂದು ಪಟ್ಟಿ ಪೊದೆ ಮಾತ್ರ ಉಳಿದಿದೆ. ಪಂಪ್‌ಮನೆಯಿಂದ ಹಳೆಯ ಮೆಟ್ಟಿಲಿನವರೆಗೆ ನನ್ನ ಕಾಲಿನಲ್ಲಿ ಮುನ್ನೂರ ಹತ್ತು ಹೆಜ್ಜೆ. ಆ ಮೆಟ್ಟಿಲು ಒಡೆದು ಹೋಗಿದ್ದರಿಂದ ಹೊಳೆಗಿಳಿಯಲು ಹೊಸ ಘಾಟು ಕಟ್ಟಿಸಬೇಕೆಂದು ಪಂಚಾಯಿತಿ ನಿರ್ಧರಿಸಿತ್ತು. ಘಾಟು ಬೇಡವೆಂದವಳು ನಾನಲ್ಲ. ಅದೇ ಮೆಟ್ಟಿಲಲ್ಲಿ ಜಾರಿ ಬಿದ್ದು ಮೊಣಕೈ ಊದಿಸಿಕೊಂಡವಳು. ಮುರಿಯಲಿಲ್ಲ ಎನ್ನುವುದೇ ಪುಣ್ಯ. ಆದರೆ ಘಾಟು ಕಟ್ಟಬೇಕಾದರೆ ಪೊದೆಯ ಅರ್ಧಕ್ಕಿಂತ ಹೆಚ್ಚು ಪಟ್ಟಿಗೆ ಜೆಸಿಬಿ ಹತ್ತಬೇಕು. ಹತ್ತುವ ಮೊದಲು ಅಲ್ಲಿ ಏನೇನಿದೆ ಎಂದು ಸಮಿತಿ ಬರೆದುಕೊಡಬೇಕು.

ಅಧ್ಯಕ್ಷರು ಕಬ್ಬಿನ ರೈತರು, ಕೊರಳಲ್ಲಿ ತುಳಸಿಮಾಲೆ ಹಾಕಿದವರು. ಸುತ್ತಿ ಬಳಸಿ ಮಾತಾಡುವವರಲ್ಲ.

"ವಿಶೇಷ ಏನಾರ ಇದ್ರ ಬರದು ಕೊಡ್ರಿ ಅಕ್ಕಾರ. ಘಾಟ ನಾಕ್ ಹೆಜ್ಜಿ ಆಕಡೆ ಸರಸಾಕ ಬರತೈತಿ. ಏನೂ ಇಲ್ಲಂದ್ರ ಬರೇ ಮುಳ್ಳಿಗೆ ಯಾಕ ಕೈ ಮುಗಿಯೂದು?"

ಮಾತು ಸರಿಯಾಗಿಯೇ ಇತ್ತು. ಹೀಗೆ ಆ ಪಟ್ಟಿಯ ಭವಿಷ್ಯ ನಾನು ಬರೆಯುವ ವಹಿಯೊಳಗೆ ಬಂದು ಕೂತಿತು.

ಮೇಡಂ ಚಿಕ್ಕೋಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ಅವರ ಓದೆಲ್ಲ ಕಾರವಾರದ ಕಡಲಂಚಿನ ಹೂಗಿಡಗಳ ಮೇಲೆ ಆದದ್ದು. ಮೊಬೈಲಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಮರಳು, ಉಪ್ಪುಗಾಳಿಗೆ ಬಗ್ಗಿದ ಪೊದೆಗಳು. ನಾನು ಕಡಲು ಕಂಡವಳಲ್ಲ. "ಕಡಲ ಆದ್ರೇನು, ಹೊಳಿ ಆದ್ರೇನು ಅಕ್ಕಾ, ನೀರಿನ ದಂಡ್ಯಾಗ ಬೆಳಿಯೂ ಗಿಡದ ಹಟಾ ಒಂದ," ಎಂದರು. ಬಿಸಿಲಲ್ಲಿ ನನ್ನ ಜೊತೆ ಎರಡು ಸಲ ಆ ಪಟ್ಟಿ ನಡೆದರು. ಒಂದು ಗಿಡದ ಮುಂದೆ ಮಂಡಿಯೂರಿ ಕೂತು, ಎಲೆಯ ಬುಡಕ್ಕೆ ಭೂತಗನ್ನಡಿ ಹಿಡಿದು, "ಇಲ್ಲಿ ನೋಡ್ರಿ, ಎಲಿ ಎದರಬದರ ಐತ್ಯೋ, ಒಂದು ಬಿಟ್ಟು ಒಂದು ಐತ್ಯೋ," ಎಂದು ಕೇಳುವಾಗ ಅವರ ಮುಖದಲ್ಲಿ ಇದ್ದದ್ದನ್ನು ನಾನು ಆರತಿ ಹಿಡಿದವರ ಮುಖದಲ್ಲಿ ಮಾತ್ರ ನೋಡಿದ್ದೆ.

ಅವರು ಕೊಟ್ಟ ಹಾಳೆಯಲ್ಲಿ ಹತ್ತು ಕಲಮುಗಳು. ಎಷ್ಟನೇ ಹೆಜ್ಜೆ, ಎತ್ತರ ಎಷ್ಟು, ಎಲೆ ಹೇಗೆ, ಮುಳ್ಳು ಇದೆಯೋ ಇಲ್ಲವೋ, ಇದ್ದರೆ ನೆಟ್ಟಗೋ ಸೊಟ್ಟಗೋ, ಮೊಗ್ಗು, ಎಸಳು, ಬಣ್ಣ, ವಾಸನೆ. ಕೊನೆಯದು ನೋಡಿದ ವೇಳೆ. ಆ ಕಲಮನ್ನು ನಾನು ಖಾಲಿ ಬಿಟ್ಟೆ. ನಾನು ಹೋಗುವುದೇ ದಿನವೂ ಒಂದೇ ಹೊತ್ತಿಗೆ, ಅದನ್ನೇನು ಬರೆಯುವುದೆಂದುಕೊಂಡೆ. ಆಮೇಲೆ ನಡೆದದ್ದಕ್ಕೆಲ್ಲ ಆ ಖಾಲಿ ಕಲಮೇ ಮೂಲ.

ಗುರುತಿಗೆ ದಾರ ಕಟ್ಟಬೇಕಿತ್ತು. ಪೂಜೆಯ ಬುಟ್ಟಿಯಲ್ಲಿ ಬಿಳಿ ದಾರವೂ ಇತ್ತು, ಕಂಕಣಕ್ಕೆ ಕಟ್ಟುವ ಕೆಂಪು ದಾರ, ನಾಡಿಯೂ ಇತ್ತು. ಬಿಳಿ ಹೂವಿಗೆ ಬಿಳಿ, ಬಣ್ಣದ ಹೂವಿಗೆ ಕೆಂಪು ಎಂದು ನನ್ನದೇ ಲೆಕ್ಕ ಮಾಡಿಕೊಂಡೆ. ಮೊದಲ ವಾರ ಗೊತ್ತಿದ್ದವೇ ಸಿಕ್ಕವು. ಒಂದನೇ ನಂಬರು ಲಕ್ಕಿಗಿಡ. ಬಾಣಂತಿಯ ನೀರಿಗೆ ಎಷ್ಟು ಸಲ ಅದರ ಎಲೆ ಹಾಕಿದ್ದೇನೋ, ಹೂವು ಇಷ್ಟು ನವಿರಾದ ನೀಲಿ ಎಂದು ಆಗ ಕಂಡೆ. ಎರಡನೆಯದು ಶನಿವಾರ ಮಾರುತಿಗೆ ಮಾಲೆ ಮಾಡುವ ಎಕ್ಕೆ. ಮೂರನೆಯದು ಬೇಶರಮ್. ಕಡಿದಷ್ಟೂ ಚಿಗುರುತ್ತದೆಂದು ಅದಕ್ಕೆ ನಾಚಿಕೆಗೇಡಿ ಎಂಬ ಆ ಹೆಸರು. ಪಾಪದ ಗಿಡ, ಹೂವು ಮಾತ್ರ ಎಂಥ ಚೆಂದ.

ಏಳನೆಯದಕ್ಕೆ ಬಂದು ನಿಂತೆ.

ಅದು ಜಾಲಿಮರದ ಮೇಲೆಲ್ಲ ಹಬ್ಬಿ, ಆಚೆ ಈಚೆ ಇಳಿಬಿದ್ದು, ಎತ್ತಿನಗಾಡಿಯಷ್ಟು ಅಗಲವಾಗಿ ಕವಿದುಕೊಂಡ ಪೊದೆ. ಪೂರ್ವದ ಬದಿಯಲ್ಲಿ ಬಿಳಿ ಹೂವು. ನಾಲ್ಕು ಎಸಳು. ಮೇಲಿನ ಎಸಳುಗಳ ಬುಡದಲ್ಲಿ ಅರಿಷಿಣದ ಬೊಟ್ಟು ಇಟ್ಟಂತೆ ಹಳದಿ. ನಡುವಿನಿಂದ ಚೌರಿಯ ಹಾಗೆ ಹೊರಟ ಉದ್ದುದ್ದ ಬಿಳಿ ಎಳೆಗಳು. ಮೊಗ್ಗುಗಳು ಎಲೆಯ ಬುಡದಿಂದ ಮೇಲಕ್ಕೆ ಕಡ್ಡಿಯ ಮೇಲೆಯೇ ಸಾಲಾಗಿ ಕೂತಿದ್ದವು, ಕುಪ್ಪಸದ ಗುಂಡಿಗಳ ಹಾಗೆ. ಎಳೆ ಚಿಗುರಿನ ಮೇಲೆ ತುಕ್ಕಿನ ಬಣ್ಣದ ನವಿರು ರೋಮ. ಅದನ್ನೆಲ್ಲ ಬರೆದೆ. ಹರಿಯಬೇಕೆಂದು ಕೈ ತಾನಾಗಿ ಮೇಲೆ ಹೋಯಿತು, ಮುಳ್ಳು ಚುಚ್ಚಿ ಹಿಂದಕ್ಕೆ ಬಂತು. ಕಣ್ಣಿಗೆ ತಾಗಲಿಲ್ಲ, ವಿಠೋಬನ ದಯೆ. ಬಿಳಿ ದಾರ ಕಟ್ಟಿ ಮನೆಗೆ ಬಂದೆ.

ಮುಂದಿನ ವಾರ ಒಂದು ದಿನ ರಾಯಬಾಗದಿಂದ ನಾದಿನಿಯ ಮನೆಯವರು ಬೆಳಿಗ್ಗೆಯೇ ಬಂದಿಳಿದರು. ಚಹಾ, ಅಡಿಗೆ, ಊಟ ಮುಗಿಸಿ ಅವರನ್ನು ಬಸ್ಸಿಗೆ ಕಳಿಸುವಷ್ಟರಲ್ಲಿ ಮಧ್ಯಾಹ್ನ. ಒಂದು ದಿನವೂ ತಪ್ಪಿಸಬಾರದೆಂದು ಆ ಬಿಸಿಲಲ್ಲೇ ವಹಿ ಹಿಡಿದು ಹೋದೆ. ಪಶ್ಚಿಮದ ಬದಿಗೆ ಬೇರೊಂದು ಮರದ ದಟ್ಟ ನೆರಳಿತ್ತೆಂದು ಆ ಕಡೆಯಿಂದ ನಡೆದೆ. ಅಲ್ಲೊಂದು ಹೊಸ ಹೂವು. ಗುಲಾಬಿ ಬಣ್ಣದ ಎಳೆಗಳು, ಎಸಳಿನ ಬುಡದಲ್ಲಿ ಒಣಗಿದ ಕುಂಕುಮದಂಥ ಗಾಢ ಕೆಂಪು ಬೊಟ್ಟು. ಎಲೆಗಳು ದಪ್ಪ, ನುಣುಪು, ನವಿರೇ ಇಲ್ಲ. ನಂಬರು ಹನ್ನೊಂದು ಎಂದು ಬರೆದು ಕೆಂಪು ನಾಡಿ ಕಟ್ಟಿದೆ. ಎದೆಯೊಳಗೆ ಏನೋ ಹಿಗ್ಗು.

ಎರಡರ ಫೋಟೋವನ್ನೂ ಮೇಡಂಗೆ ಕಳಿಸಿದೆ. ಕೊಂಬೆ ಗಾಳಿಗೆ ಅಲುಗಿ ಅರ್ಧಕ್ಕರ್ಧ ಮಸುಕಾಗಿದ್ದವು. "ಎರಡೂ ಒಂದ ಬಳಗದವು ಇರಬೇಕು ಅಕ್ಕಾ. ಸರಿಯಾಗಿ ನೋಡದೇ ಹೆಸರು ಹೇಳೂದಿಲ್ಲ," ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅವರ ಗುಣ ನನಗೆ ಬಹಳ ಹಿಡಿಸಿತು. ಆದರೆ ನಾನು ಪಂಚಾಯಿತಿಗೆ ಹೋಗಿ, ಹೆಸರು ಸಿಗದ ಎರಡು ವಿಶೇಷ ಗಿಡ ಇವೆ ಎಂದು ಹೇಳಿಯೇಬಿಟ್ಟೆ. ಅಧ್ಯಕ್ಷರು ಹುಬ್ಬೇರಿಸಿದರು. "ಎರಡ? ಹಂಗಾದ್ರ ಘಾಟ ಸರಸೂದು ನೋಡೂನು. ಮುಂದಿನ ಮೀಟಿಂಗಿಗೆ ಪೂರಾ ಯಾದಿ ತರ್ರಿ."

ಓಣಿಯಲ್ಲಿ ಸುದ್ದಿಯಾಯಿತು. ನಮ್ಮ ಯಜಮಾನರು ಊಟಕ್ಕೆ ಕೂತಾಗ, "ಗಿಡದ ಡಾಕ್ಟರ ಬಾಯೀರ ಪಲ್ಯಾಕ್ಕ ಉಪ್ಪ ಹಾಕೂದು ಮರತಾರ," ಎಂದು ಚೇಷ್ಟೆ ಮಾಡಿದರು. ಚೇಷ್ಟೆಯೊಳಗೆ ಅಭಿಮಾನವೂ ಇತ್ತು. ನನಗೂ ಕೋಡು ಮೂಡಿತ್ತು, ಸುಳ್ಳು ಹೇಳಬಾರದು.

ಮೀಟಿಂಗಿಗೆ ಆರು ದಿನ ಇದ್ದಾಗ ಮೇಡಂ ಫೋನು ಮಾಡಿದರು. "ಅಕ್ಕಾ, ಎರಡೂ ಗಿಡದ ಮುಳ್ಳು ಒಂದಕ್ಕೊಂದು ಹೋಲಿಸಿ ನೋಡ್ರಿ. ಬುಡ ಎಲ್ಲೆಲ್ಲಿ ಐತಿ ಅಂತ ಹುಡುಕಿ ಬರೀರಿ."

ಮರುದಿನ ಬೆಳಿಗ್ಗೆ ಹೋದೆ. ಪೊದೆಯ ಹತ್ತಿರ ಕುರಿ ಆಡು ಕಾಯುವ ಅಜ್ಜಿಯೊಬ್ಬಳು ಕೂತಿದ್ದಳು, ನಾವೆಲ್ಲ ಆಯಿ ಎನ್ನುತ್ತೇವೆ. ಬೇಸಿಗೆಯಲ್ಲಿ ಅವರ ಮಂದಿ ಹೊಳೆಯ ದಂಡೆಗೆ ಬರುತ್ತಾರೆ, ಮಳೆ ಹಿಡಿದರೆ ಎತ್ತರದ ಗುಡ್ಡಕ್ಕೆ ಹೋಗುತ್ತಾರೆ. ವಯಸ್ಸಾಗಿದ್ದರೂ ಬೆನ್ನು ನೆಟ್ಟಗಿದೆ. ನನ್ನ ದಾರಗಳನ್ನು ಅವಳು ಮೊದಲೇ ನೋಡಿದ್ದಳು.

"ಈ ಮುಳ್ಳಿಗೆ ಹರಕಿ ಕಟ್ಟಿದಾಕಿ ನೀನ ಏನ ಬೇ?"

"ಹರಕಿ ಅಲ್ಲ ಆಯಿ, ಗುರ್ತು. ಇದು ಬಿಳಿ ಹೂವಿನ ಗಿಡ, ಆಕಡಿಂದು ಗುಲಾಬಿ."

"ಗುಲಾಬಿ ಗಿಡ ಯಾವದು?"

ಹೇಳುತ್ತ ಹೇಳುತ್ತ ನಾನು ಪಶ್ಚಿಮಕ್ಕೆ ಹೋಗಿ ಕೆಂಪು ನಾಡಿಯ ಕೊಂಬೆ ಹಿಡಿದೆ. ಬುಡ ಹುಡುಕಬೇಕಲ್ಲ, ಸೆರಗನ್ನು ಕೈಗೆ ಸುತ್ತಿಕೊಂಡು ಕೊಂಬೆಯ ಜಾಡು ಹಿಡಿದು ಒಳಗೆ ಕೈ ಹಾಕಿದೆ. ಎಲೆಯ ಬುಡಕ್ಕೊಂದು ಜೋಡಿ ಮುಳ್ಳು, ಬೆಕ್ಕಿನ ಉಗುರಿನಂತೆ ಹಿಂದಕ್ಕೆ ಬಾಗಿದವು. ಒಳಗೆ ಹೋದ ಕೈ ಹೊರಗೆ ಬರಲು ಬಿಡುವುದಿಲ್ಲ. ಕೊಂಬೆ ಜಾಲಿಮರ ಸುತ್ತಿ, ಕೆಳಗಿಳಿದು, ದಪ್ಪವಾಗಿ, ಮತ್ತೆ ಕವಲೊಡೆಯಿತು. ಆಯಿ ತನ್ನ ಕೋಲಿನಿಂದ ಪೊದೆ ಎತ್ತಿ ಹಿಡಿದಳು. ಆ ಕವಲಿನ ಗುಂಟ ಬಂದೆ, ಬಂದೆ. ಕೊನೆಗೆ ಬೆರಳಿಗೆ ಸಿಕ್ಕಿದ್ದು ನಾನೇ ಕಟ್ಟಿದ ಬಿಳಿ ದಾರ.

ಆಯಿಗೆ ನಗು ತಡೆಯಲಾಗಲಿಲ್ಲ.

"ಒಬ್ಬಾಕಿನ ಬೇ ಆಕಿ. ಮುಂಜಾನಿ ಬಿಳಿ ಸೀರಿ ಉಡತಾಳ, ಮಧ್ಯಾಹ್ನಕ್ಕ ಬದಲ ಮಾಡತಾಳ. ನೀ ಇಬ್ಬರ ಅಂತ ತಿಳದು ಇಬ್ಬರಿಗೂ ಬ್ಯಾರೆ ಬ್ಯಾರೆ ಸೀರಿ ಆಹೇರಿ ಮಾಡೀದಿ."

"ನಿನಗ ಗೊತ್ತಿತ್ತಾ ಆಯಿ?"

"ದಿನಾ ಇಲ್ಲೇ ಕುಂದರತೀನಿ. ಕಣ್ಣಿಗೆ ಕಾಣೂದಿಲ್ಲೇನ?"

ನನಗೆ ಕಂಡಿರಲಿಲ್ಲ. ಇಷ್ಟು ವರ್ಷ ಹೂವಿನ ಜೊತೆಗೇ ದಿನ ಆರಂಭಿಸಿದವಳು ಒಂದು ಹೂವಾದರೂ ಬೆಳಗಿನಿಂದ ಸಂಜೆಯವರೆಗೆ ಏನಾಗುತ್ತದೆಂದು ನೋಡಿದವಳಲ್ಲ. ಬೆಳಿಗ್ಗೆ ಹೋದಾಗ ಹಿಂದಿನ ದಿನದ ಬಾಡಿದ ಹೂಗಳು ಅದೇ ಕೊಂಬೆಯಲ್ಲಿ ಜೋತುಬಿದ್ದಿರುತ್ತಿದ್ದವು. ದೇವರಿಗೆ ಸಲ್ಲದ್ದೆಂದು ಕಣ್ಣು ಅವನ್ನು ದಾಟಿ ಹೋಗುತ್ತಿತ್ತು. ಎಲೆಯ ಲೆಕ್ಕವೂ ಹಾಗೇ ತಪ್ಪಿತ್ತು. ಬಿಸಿಲಿನ ಬದಿಯ ಎಳೆ ಚಿಗುರಿಗೆ ನವಿರು, ನೆರಳಿನ ಹಳೆಯ ಎಲೆಗೆ ನುಣುಪು. ಎರಡೂ ಅವಳವೇ.

ಆದರೂ ಕಣ್ಣಾರೆ ನೋಡಿಯೇ ಬರೆಯಬೇಕೆಂದು ಮರುದಿನ ಬೆಳಗಿನಿಂದ ಅಲ್ಲೇ ಕೂತೆ. ಅಡಿಗೆ ಮಾಡಿಟ್ಟು, ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಆಗತಾನೇ ಬಿರಿದ ಒಂದು ಹೂವಿನ ತೊಟ್ಟಿಗೆ ಸಡಿಲಾಗಿ ಎಳೆ ಕಟ್ಟಿ, ಅದೊಂದನ್ನೇ ನೋಡುತ್ತ, ಖಾಲಿ ಬಿಟ್ಟಿದ್ದ ವೇಳೆಯ ಕಲಮು ತುಂಬಿದೆ. ಏಳು ಗಂಟೆಗೆ ಪೂರಾ ಬಿಳಿ, ಹಳದಿ ಬೊಟ್ಟು. ಒಂಬತ್ತಕ್ಕೆ ಜೇನುಹುಳಗಳ ಜಾತ್ರೆ. ಹನ್ನೊಂದಕ್ಕೆ ಬೊಟ್ಟಿನ ಅಂಚು ಕಂದು. ಹನ್ನೆರಡೂವರೆಗೆ ಎಳೆಗಳ ಬುಡದಲ್ಲಿ ಗುಲಾಬಿ. ಎರಡಕ್ಕೆ ಬೊಟ್ಟು ಗಾಢ ಕೆಂಪು, ಎಳೆಗಳೆಲ್ಲ ಗುಲಾಬಿ. ಯಾರೂ ಬಣ್ಣ ಹಚ್ಚಲಿಲ್ಲ, ಯಾರೂ ಮುಟ್ಟಲಿಲ್ಲ. ಹುಳ ಮುಟ್ಟಿದ ಹೂವು ಎಂಜಲೆಂದು ನಾನು ಇಷ್ಟು ದಿನ ತಿಳಿದಿದ್ದೆ. ಅಂದು ಅದು ಹುಳಗಳಿಗೆ ಪ್ರಸಾದ ಹಂಚಿದಂತೆ ಕಂಡಿತು. ಆಯಿ ನನ್ನ ಬುತ್ತಿಯ ಅರ್ಧ ರೊಟ್ಟಿ ತಿಂದು, ನನಗೆ ಆಡಿನ ಹಾಲಿನ ಚಹಾ ಮಾಡಿಕೊಟ್ಟಳು.

ಸಂಜೆಗೆ ಏಳುವ ಮುಂಚೆ ಮತ್ತೊಂದು ಸಂಗತಿ ನಡೆಯಿತು. ಹಿಂದಿನ ವಾರ ಬಾಡಿದ ಹೂವಿನ ಜಾಗದಲ್ಲಿ ಉದ್ದ ದಂಟು ಉಳಿದಿತ್ತು, ತುದಿಗೆ ಬಟಾಣಿಯಷ್ಟು ಹಸಿರು ಗುಂಡು. ದಂಟಿನ ನಡುವೆ ಬೆರಳಿನ ಗಂಟಿನಂಥ ಗಂಟು. ನಾನು ಯೋಚಿಸುವ ಮೊದಲೇ ಬೆರಳು ಆ ಗಂಟಿನ ಮೇಲೆ ಒತ್ತಿತು, ದಂಟು ಟಕ್ಕನೆ ಮುರಿಯಿತು. ಆ ಮುರಿತ ನನ್ನ ಕೈಗೆ ಗೊತ್ತಿತ್ತು. ವರ್ಷಕ್ಕೊಮ್ಮೆ, ಅಡಿಗೆಮನೆಯಲ್ಲಿ, ಈಳಿಗೆಯ ಮುಂದೆ ಕೂತು ಮುರಿಯುತ್ತಿದ್ದದ್ದು ಅದೇ ತೊಟ್ಟು.

ವಾಘಾಟಿ ಕಾಯಿ.

ಆಷಾಢ ಏಕಾದಶಿಯ ಉಪವಾಸವನ್ನು ದ್ವಾದಶಿಗೆ ಬಿಡುವಾಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ವಾಘಾಟಿಯ ಪಲ್ಯ ಬೇಕೇ ಬೇಕು. ಚಿಕ್ಕೋಡಿ, ನಿಪ್ಪಾಣಿಯ ಸಂತೆಗೆ ಹಿಂದಿನ ದಿನ ಬರುತ್ತದೆ. ನಾಲ್ಕೇ ಕಾಯಿ ಸಿಕ್ಕರೂ ತಂದು, ಸೀಳಿ, ಕಹಿ ಬೀಜ ತೆಗೆದು, ಕುದಿಸಿ ಒಗ್ಗರಣೆ ಹಾಕುತ್ತೇವೆ. ಎಲ್ಲಿ ಬೆಳೆಯುತ್ತದೆ, ಹೂವು ಹೇಗಿರುತ್ತದೆ ಎಂದು ಯಾರೂ ಕೇಳಿದ್ದಿಲ್ಲ. ಆಯಿಯನ್ನು ಕೇಳಿದರೆ, "ಮಳ್ಯಾಗ ನಾವು ಇಲ್ಲಿ ಇರೂದಿಲ್ಲ, ಕಾಯಿ ನಾ ಏನ್ ಬಲ್ಲೆ?" ಎಂದಳು. ನಾವೂ ಆಷಾಢದಲ್ಲಿ ಹೊಳೆ ಏರುತ್ತದೆಂದು ಆ ಕಡೆ ಹೋಗುವುದಿಲ್ಲ. ಫೋನಿನಲ್ಲಿ ಮೇಡಂಗೆ ಎಲ್ಲ ಹೇಳಿದೆ. ಗಂಟು ಎಲ್ಲಿದೆ ಎಂದು ಅವರು ಎರಡು ಸಲ ಕೇಳಿಕೊಂಡರು. ಆಮೇಲೆ, "ಅಕ್ಕಾ, ಆ ಗಂಟು ನಾ ಪುಸ್ತಕದಾಗ ಓದೀನಿ. ನೀವು ಕೈಲೆ ಗುರ್ತ ಹಿಡದ್ರಿ," ಎಂದರು. ಅವರ ಪುಸ್ತಕದ ಗುರುತುಗಳೆಲ್ಲ ಕೂಡಿ ಬಂದವಂತೆ.

ಸಂತೋಷ ಮನೆಯ ಬಾಗಿಲವರೆಗೆ ಉಳಿಯಿತು. ಒಳಗೆ ಬಂದ ಮೇಲೆ ವಹಿ ತೆರೆದೆ. ಎರಡು ವಿಶೇಷ ಗಿಡ ಎಂದು ಹೇಳಿದವಳು ನಾನು. ಎರಡು ಎಂದದ್ದಕ್ಕೇ ಅಧ್ಯಕ್ಷರು ಘಾಟು ಸರಿಸುವ ಮಾತಾಡಿದ್ದು. ಈಗ ಒಂದೇ. ಅದೂ ಸಂತೆಯಲ್ಲಿ ಸಿಗುವ ಕಾಯಿಯ ಗಿಡ, ವಿಶೇಷ ಎಂದು ಯಾರು ಒಪ್ಪುತ್ತಾರೆ?

ಯಜಮಾನರು, "ಬರದದ್ದು ಬರದ ಹೋಗೇತಿ. ಆ ಮುಳ್ಳಿನಾಗ ಕೈ ಹಾಕಿ ನೋಡಾವ್ರು ಯಾರ? ಎರಡು ಅಂತ ಇರಲಿ ಬಿಡು. ಗಿಡನೂ ಉಳೀತೈತಿ, ನಿನ್ನ ಮಾನನೂ ಉಳೀತೈತಿ," ಎಂದರು. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ನನಗೂ ಹೌದೆನಿಸಿತು. ದೀಪ ಹಚ್ಚುವಾಗ ವಹಿಯನ್ನು ಜಗುಲಿಯ ಮುಂದೆ ಇಟ್ಟೆ. ಬಾಡಿದ ಹೂವನ್ನು ಕೂಡ ಇಡದ ಜಾಗ ಅದು. ಅಲ್ಲಿ ಇಲ್ಲದ ಗಿಡವೊಂದನ್ನು ಬರೆದ ವಹಿ ಇಡಲು ಮನಸ್ಸು ಒಪ್ಪಲಿಲ್ಲ. ಹನ್ನೊಂದನೆಯ ನಂಬರಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ, "ಇದು ಏಳನೆಯದೇ. ಮಧ್ಯಾಹ್ನ ನೋಡಿದ್ದರಿಂದ ತಪ್ಪಿದೆ," ಎಂದು ಬರೆದೆ.

ಮೀಟಿಂಗಿನಲ್ಲಿ ಅಷ್ಟನ್ನೇ ಓದಿದೆ. ಒಬ್ಬ ಸದಸ್ಯರು ನಕ್ಕರು. ಅಧ್ಯಕ್ಷರು ನಗಲಿಲ್ಲ.

"ಅಂದ್ರ ಎರಡ ಇದ್ದದ್ದು ಒಂದಾತು."

"ಹೌದ್ರಿ ಅಣ್ಣಾರ. ನಾ ತಪ್ಪ ನೋಡಿದ್ನಿ."

"ಆ ಒಂದಾರ ಏನು?"

"ವಾಘಾಟಿ."

"ವಾಘಾಟಿ?" ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಅದು ಘಟ್ಟದ ಕಡಿಂದ ಪ್ಯಾಟಿಗೆ ಬರತೈತ್ರಿ ಅಕ್ಕಾರ. ವರ್ಷಾ ದ್ವಾದಶಿಗೆ ನಾನ ನಿಪ್ಪಾಣಿಗೆ ಹೋಗಿ ತರತೀನಿ. ನಮ್ಮ ಹೊಳಿ ದಂಡ್ಯಾಗ ಎಲ್ಲಿಂದ ಬರಬೇಕು?"

ನಾನು ಸೆರಗಿನ ಗಂಟು ಬಿಚ್ಚಿ ಆ ಸಣ್ಣ ಗುಂಡು ಕಾಯನ್ನು ಮೇಜಿನ ಮೇಲಿಟ್ಟೆ. ಅವರು ಬೆರಳಲ್ಲಿ ಹಿಡಿದು ತಿರುವಿ ತಿರುವಿ ನೋಡಿದರು.

"ಇದು ಬಟಾಣಿ ಇದ್ದಂಗ ಐತಿ. ಇದರ ಮ್ಯಾಲ ಹ್ಯಾಂಗ ನಂಬೂದು? ಈಗಷ್ಟ ನೀವ ಹೇಳಿದ್ರಿ, ನಾ ತಪ್ಪ ನೋಡಿದ್ನಿ ಅಂತ."

ನಾನು ಒಂದನ್ನೇ ಕೇಳಿಕೊಂಡೆ.

"ನಂಬಬ್ಯಾಡ್ರಿ ಅಣ್ಣಾರ. ಕಾಯಿ ದೊಡ್ಡದಾಗೂ ತನಕ ಬಿಡ್ರಿ. ಜೆಸಿಬಿ ಮೆಟ್ಟಲ ಕಡಿಂದ ಚಾಲೂ ಮಾಡಸ್ರಿ, ಈ ಪೊದಿ ಕಡೀಕ ಇರಲಿ. ದ್ವಾದಶಿಗೆ ಅದು ವಾಘಾಟಿ ಆಗಲಿಲ್ಲಂದ್ರ ನಾನ ಕುಡಗೋಲ ತಗೊಂಡ ಬರತೀನಿ."

ಅವರು ಆ ಕಾಯನ್ನು ನನ್ನ ವಹಿಯ ಮೇಲಿಟ್ಟು, "ತಪ್ಪ ಆತು ಅಂತ ತಾವ ಹೇಳಿದ ಮಂದಿ ಈ ಖೋಲ್ಯಾಗ ಇವತ್ತ ಮೊದಲ ನೋಡಾಕತ್ತೀನಿ," ಎಂದರು. "ಮೆಟ್ಟಲ ಕಡಿಂದ ಚಾಲೂ ಮಾಡೂನು."

ಜೆಸಿಬಿ ಬಂತು. ಲಕ್ಕಿಗಿಡದ ಅರ್ಧ ಹೋಯಿತು, ಎಕ್ಕೆ ಹೋಯಿತು, ಬೇಶರಮ್ ಎರಡು ಸಲ ಕಿತ್ತರೂ ಮತ್ತೆ ಬಂತು. ಮಣ್ಣಿನ ಏರು ದಿನದಿನಕ್ಕೆ ಏಳನೇ ನಂಬರಿನ ಕಡೆ ಸರಿಯುತ್ತಿತ್ತು. ನಾನು ಬೆಳಿಗ್ಗೆ ಹೋಗುವುದನ್ನು ಬಿಡಲಿಲ್ಲ, ಮಧ್ಯಾಹ್ನವೂ ಒಮ್ಮೆ ಹೋಗಿಬರುತ್ತಿದ್ದೆ. ಆಯಿ ತನ್ನ ಮಂದಿಯೊಡನೆ ಗುಡ್ಡದ ಕಡೆ ಹೊರಟಳು. ಹೋಗುವಾಗ, "ನಿನ್ನ ಹರಕಿ ಮುಳ್ಳಿಗೆ ನನ್ನ ಶರಣ ಹೇಳು," ಎಂದಳು. ಏರು ಪೊದೆಯಿಂದ ಮೂವತ್ತು ಹೆಜ್ಜೆ ದೂರ ಇದ್ದಾಗ ಮಳೆ ಹಿಡಿಯಿತು. ಯಂತ್ರ ಮರಳಿ ಹೋಯಿತು. ಆ ಮೂವತ್ತು ಹೆಜ್ಜೆಯನ್ನು ನಾನು ದೇವರ ಲೆಕ್ಕಕ್ಕೆ ಬರೆದಿದ್ದೇನೆ.

ಏಕಾದಶಿಯ ದಿನ ಉಪವಾಸದಲ್ಲೇ ಹೊಳೆಗೆ ಹೋದೆ. ನೀರು ಕೆಂಪಾಗಿ ಪೊದೆಯ ಬುಡಕ್ಕೆ ಬಂದಿತ್ತು. "ನೋಡಾವ್ರು ಯಾರ" ಎಂದಿದ್ದ ಯಜಮಾನರೇ ಗಳುವಿಗೆ ಕುಡುಗೋಲು ಕಟ್ಟಿಕೊಂಡು ಜೊತೆಗೆ ಬಂದರು. ಹಸಿರಿನೊಳಗೆ ಹಸಿರಾಗಿ ಕಾಯಿಗಳು ತೂಗುತ್ತಿದ್ದವು, ಕೋಳಿಯ ಸಣ್ಣ ಮೊಟ್ಟೆಯಷ್ಟು. ಕೈಗೆಟುಕಿದ್ದು ಒಂಬತ್ತು. ಮೂರು ನಮ್ಮ ದೇವರಿಗೆ ಇಟ್ಟುಕೊಂಡು, ಆರನ್ನು ಹಿತ್ತಾಳೆಯ ಡಬ್ಬಿಯಲ್ಲಿ ಹಾಕಿ ಅಧ್ಯಕ್ಷರ ಮನೆಗೆ ಕೊಟ್ಟು ಬಂದೆ. ಅವರು ಹೊಲಕ್ಕೆ ಹೋಗಿದ್ದರು. ಅವರ ಹೆಂಡತಿ ಒಂದು ಕಾಯನ್ನು ಹಿಡಿದು, ತೊಟ್ಟಿನ ಗಂಟಿನಲ್ಲಿ ಟಕ್ಕನೆ ಮುರಿದರು.

ದ್ವಾದಶಿಯ ಪಲ್ಯ ಕಹಿ ಇತ್ತು, ಯಾವಾಗಲೂ ಇರುವಷ್ಟೇ.

ಎರಡು ದಿನದ ಮೇಲೆ ಡಬ್ಬಿ ಮರಳಿ ಬಂತು. ಕೊಟ್ಟ ಪಾತ್ರೆಯನ್ನು ಖಾಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ, ಸಕ್ಕರೆಯೋ ಅಕ್ಕಿಯೋ ಇರುತ್ತದೆಂದು ಮುಚ್ಚಳ ತೆಗೆದೆ. ನಾವೆಲ್ಲ ಕಹಿಯೆಂದು ತಿಪ್ಪೆಗೆ ಚೆಲ್ಲುವ ಬೀಜಗಳಿದ್ದವು. ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಆರಿಸಿದ್ದರು. ಡಬ್ಬಿ ತಂದ ಅಧ್ಯಕ್ಷರ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದರು:

"ಬೀಜಾ ಚೆಲ್ಲಬ್ಯಾಡ ಅಂದ್ರು ನಮ್ಮವ್ರು. ಆ ಪೊದಿ ಇದ್ದಲ್ಲೇ ಇರಲಿ ಅಂತ, ಇವನ್ನ ಹೊಸ ಘಾಟಿನ ಆಚಿ ಬಾಜೂಕ ಹಾಕಾಕ ಜಾಗಾ ತೋರಸಬೇಕಂತ, ನಿಮ್ಮನ್ನ ಕರಕೊಂಡ ಬಾ ಅಂದಾರ."